ಕಿವಿಗೆ ಸಿಕ್ಕ ತಪ್ಪು

ಹುಟ್ಟಿನಿಂದ ನನಗೆ ಕಣ್ಣು ಕಾಣುವುದಿಲ್ಲ. ಅಳವಂಡಿಯಿಂದ ಬಂದು ಕುಷ್ಟಗಿಯ ಸರ್ಕಾರಿ ಕಚೇರಿಯೊಂದರಲ್ಲಿ ಕ್ಲರ್ಕ್ ಆಗಿ ಸೇರಿದಾಗ ಕುರ್ಚಿ ಕೊಟ್ಟರು, ಕೆಲಸ ಕೊಡಲಿಲ್ಲ. "ಆರಾಮ ಕುಂದರ್ರಿ ಮೇಡಂ, ಪಗಾರ ಹೆಂಗೂ ಬರತೈತಿ" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು. ನನಗೆ ಮಾತ್ರ ಒಳಗೇ ಸಿಟ್ಟು.

ಮೂಲೆಯಲ್ಲಿ ಒಂದು ಕಂಪ್ಯೂಟರ್ ಯಾರಿಗೂ ಬೇಡದೆ ಕೂತಿತ್ತು. ಅದನ್ನು ಕೇಳಿ ಪಡೆದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ನನ್ನ ಪೆನ್‌ಡ್ರೈವ್‌ನಲ್ಲಿತ್ತು. ಪಕ್ಕದ ಮೇಜಿನ ಹಿರಿಯ ಕ್ಲರ್ಕ್ ಅದನ್ನು ಚುಚ್ಚಿ ಫೈಲ್ ತೆರೆದಿದ್ದೇ ತಡ, ಯಂತ್ರ ಇಂಗ್ಲಿಷಿನಲ್ಲಿ ಮಾತಾಡಿತು. ಅವರು ಹೌಹಾರಿದರು. ಅಲ್ಲಿಂದ ಮುಂದೆ ಅವರ ಸಹಾಯ ಬೇಕಾಗಲಿಲ್ಲ. ಕೇಳುತ್ತಾ, ಕೀ ಒತ್ತುತ್ತಾ ಹೋಗಿ ಧ್ವನಿಗಳ ಪಟ್ಟಿಯಲ್ಲಿ ಕನ್ನಡ ಆರಿಸಿದೆ. ಆ ಕನ್ನಡವೋ, ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ!

"ಛಲೋ ಆತು. ಇದನ್ನ ಓದಸ್ರಿ ನೋಡೂಣು," ಎಂದು ಹಿರಿಯರು ತಾವು ಟೈಪ್ ಮಾಡಿದ್ದ ಪತ್ರವೊಂದನ್ನು ತೆರೆದರು. ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಬಡಬಡಿಸಿತು.

"ಇದಕ್ಕ ನಮ್ಮ ಕನ್ನಡ ಬರಂಗಿಲ್ಲ ಬಿಡ್ರಿ ಮೇಡಂ."

"ಬರತೈತ್ರಿ ಸರ್. ನೀವು ಹಳೇ ಫಾಂಟಿನ್ಯಾಗ ಟೈಪ್ ಮಾಡೀರಿ. ನಿಮ್ಮ ಕಣ್ಣಿಗೆ ಕನ್ನಡ ಕಾಣತೈತಿ, ಒಳಗ ಇರೋದು ಇಂಗ್ಲಿಷ್ ಅಕ್ಷರ. ಯುನಿಕೋಡಿಗೆ ಬದಲಿ ಮಾಡ್ರಿ."

ಬದಲಿಸಿ ತಂದುಕೊಟ್ಟರು. ತಾವರಗೇರಾದ ಅಜ್ಜಿಯೊಬ್ಬರ ನಿಂತುಹೋದ ಪಿಂಚಣಿಯನ್ನು ಮತ್ತೆ ಶುರು ಮಾಡಬೇಕೆಂಬ ಪತ್ರ ಅದು. ಸಾಲು ಸಾಲಾಗಿ ಕೇಳುತ್ತಿದ್ದವಳು ಮೂರನೇ ಸಾಲಿಗೆ ನಿಂತೆ.

"ಸರ್, ಈ ಅಜ್ಜಿ ತೀರಿಕೊಂಡಾರೇನ್ರಿ?"

"ಏ ಇಲ್ರೀ! ನಿನ್ನೇನ ಬಂದು ಹೋಗ್ಯಾರ."

"ಇದರಾಗ 'ಮೃತ ಫಲಾನುಭವಿ' ಅಂತ ಐತಿ."

ಹಳೆಯ ಪತ್ರವೊಂದನ್ನು ನಕಲು ಮಾಡಿ ಹೆಸರು ಬದಲಿಸುವಾಗ ಆ ಪದ ಉಳಿದುಬಿಟ್ಟಿತ್ತು. ಎರಡು ಸಲ ಓದಿದ್ದರಂತೆ, ಕಣ್ಣಿಗೆ ಬಿದ್ದಿರಲಿಲ್ಲ. ಸಹಿಯಾಗಿ ಹೋಗಿದ್ದರೆ, ತಾನು ಬದುಕಿದ್ದೇನೆಂದು ತೋರಿಸಲು ಆ ಜೀವ ಇನ್ನೆಷ್ಟು ಸಲ ಬಸ್ಸು ಹತ್ತಬೇಕಿತ್ತೋ. ಹಿರಿಯರು ತಾವೇ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದರು, ತಮ್ಮ ತಪ್ಪನ್ನೂ ಮುಚ್ಚಲಿಲ್ಲ. "ಪತ್ರ ಮೇಡಂ ಕೇಳಿದ ಮ್ಯಾಲೆ ಸಹಿಗೆ ಕಳಸ್ರಿ" ಎಂದರು ಸಾಹೇಬರು. ಅಂದಿನಿಂದ ನಮ್ಮಲ್ಲಿ ಅದೇ ರೂಢಿಯಾಯಿತು. ಬುತ್ತಿ ಬಿಚ್ಚಲೂ ಪುರುಸೊತ್ತಿಲ್ಲದಷ್ಟು ಕೆಲಸ ಬಂತು.

ಕೆಲವು ತಿಂಗಳಾದ ಮೇಲೆ ಯಲಬುರ್ಗಾದಿಂದ ಗೆಳತಿಯ ಫೋನ್. ಅಂಧರ ಶಾಲೆಯಲ್ಲಿ ನನ್ನ ಜೊತೆ ಓದಿದವಳು, ಈಗ ಯಲಬುರ್ಗಾದ ಶಾಲೆಯೊಂದರಲ್ಲಿ ಶಿಕ್ಷಕಿ.

"ಸ್ಕ್ರೀನ್ ರೀಡರ್ ಪೆನ್‌ಡ್ರೈವಿನ್ಯಾಗ ಐತಿ, ನಮ್ಮ ಸಾಲ್ಯಾಗ ಕಂಪ್ಯೂಟರಿಗೆ ಹಾಕಿಕೊಡೋರು ಯಾರೂ ಇಲ್ಲ ನೋಡು."

"ಯಾರು ಯಾಕ ಬೇಕು? ನಾ ಅದೀನಲ್ಲ."

ನಾನು ಕೀ ಹೆಸರು ಹೇಳುತ್ತಾ ಹೋದೆ, ಅವಳು ಒತ್ತುತ್ತಾ ಹೋದಳು. ಮೊದಲ ಕೆಲವು ಕೀಗಳನ್ನು ಬರೀ ನಂಬಿಕೆಯ ಮೇಲೆ ಒತ್ತಿದ್ದು. ಯಂತ್ರ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಅವಳ ಕಂಪ್ಯೂಟರ್ ಕನ್ನಡದಲ್ಲಿ ಮಾತಾಡಿದ್ದು ಫೋನಿನಲ್ಲಿ ನನಗೂ ಕೇಳಿಸಿತು. ನಮ್ಮಿಬ್ಬರ ನಡುವೆ ಕಣ್ಣು ಕಾಣುವವರು ಒಬ್ಬರೂ ಇರಲಿಲ್ಲ. ನೌಕರಿ ಸಿಕ್ಕ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.