ಒಂದು ಮುಚ್ಚಳ ಬ್ರಾಂಡಿ

೨೦೨೨ರ ಮಳೆಗಾಲದಲ್ಲಿ ನಾನು ಪುಣೆಯ ಒಂದು ಧರ್ಮಾರ್ಥ ಆಸ್ಪತ್ರೆಯ ಮಕ್ಕಳ ಬೆಳವಣಿಗೆ ವಿಭಾಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೆ. ಕಲಿಕೆಯಲ್ಲಿ, ಮಾತಿನಲ್ಲಿ, ನಡವಳಿಕೆಯಲ್ಲಿ ತೊಂದರೆಯಿರುವ ಮಕ್ಕಳನ್ನು ಪರೀಕ್ಷಿಸಿ, ಮನೆಯವರಿಗೂ ಶಾಲೆಗೂ ಮುಂದಿನ ದಾರಿ ತಿಳಿಸುವುದು ನನ್ನ ಕೆಲಸ. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಹಾಗಾಗಿಯೋ ಏನೋ, ವರದಿಯಲ್ಲಿ ಒಂದು ಪದ ಬರೆಯುವ ಮುನ್ನ ಅದಕ್ಕೆ ಆಧಾರವಿದೆಯೇ ಎಂದು ಮತ್ತೆ ಮತ್ತೆ ನೋಡಿಕೊಳ್ಳುವ ಅಭ್ಯಾಸ ನನಗಿದೆ. ಈ ಪ್ರಕರಣದಲ್ಲಿ ಆಧಾರ ನಮ್ಮ ಕಣ್ಣೆದುರಿಗೇ, ಒಂದು ಪ್ಲಾಸ್ಟಿಕ್ ಚೀಲದಿಂದ ಹೊರಬಂತು. ಕುಟುಂಬದವರ ಹೆಸರುಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಪಲ್ಲವಿಗೆ ಆಗ ಎಂಟು ವರ್ಷ. ತಂದೆ ಮಲ್ಲಿಕಾರ್ಜುನ ಅವರದು ಪುಣೆಯ ಕ್ಯಾಂಪ್ ಪ್ರದೇಶದಲ್ಲಿ ಬ್ಯಾಗಿನ ಅಂಗಡಿ. ವಿಜಯಪುರದ ಕಡೆಯಿಂದ ಅವರ ತಂದೆಯ ಕಾಲಕ್ಕೇ ಬಂದು ನೆಲೆಸಿದ ಕುಟುಂಬ. ಮಗುವಿನೊಂದಿಗೆ ತಂದೆ, ತಾಯಿ ರೇಣುಕಾ ಮತ್ತು ಅಜ್ಜಿ ಶಾಂತವ್ವ, ಮೂವರೂ ಬಂದಿದ್ದರು. ನಿನ್ನೆ ಕಲಿತ ಮಗ್ಗಿ ಇಂದು ಅವಳಿಗೆ ನೆನಪಿರುವುದಿಲ್ಲ. ಯಾರು ಕರೆದರೂ ಅವರ ಹಿಂದೆ ಹೊರಟುಬಿಡುತ್ತಾಳೆ. ಪಕ್ಕದ ಮಗುವಿನ ಪೆನ್ಸಿಲ್ ತೆಗೆದುಕೊಂಡು, ಕೇಳಿದರೆ ಅಜ್ಜಿ ಕೊಡಿಸಿದ್ದು ಎಂದು ಕತೆ ಹೇಳುತ್ತಾಳೆ. ಬರುವ ವರ್ಷ ಇವಳನ್ನು ಇಟ್ಟುಕೊಳ್ಳಲಾಗದು ಎಂದು ಶಾಲೆ ತಿಳಿಸಿತ್ತು. ಮನೆಯಲ್ಲಿ ಪೆಟ್ಟು ಬಿದ್ದಿರುವುದು ಅವಳ ಮುಂಗೈ ನೋಡಿದರೆ ತಿಳಿಯುತ್ತಿತ್ತು. ಅಜ್ಜಿ ಜೇಜುರಿಯ ಗುಡಿಗೆ ಕರೆದೊಯ್ದು, ಹರಕೆಯ ಭಂಡಾರದ ಅರಿಶಿನ ಹಾರಿಸಿಕೊಂಡೂ ಬಂದಿದ್ದರು.

ಮಗು ಮಾತ್ರ ಬಹಳ ಸ್ನೇಹದ್ದು. ಚಿತ್ರಗಳನ್ನು ತೋರಿಸಿ, ಮುಚ್ಚಿ, ಏನೇನಿತ್ತು ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ನಿಮ್ಮ ಕಿವ್ಯಾಗಿಂದು ಛಂದ ಅದ," ಎಂದಳು. ಅವಳು ಹಟ ಮಾಡುತ್ತಿರಲಿಲ್ಲ, ತಪ್ಪಿಸಿಕೊಳ್ಳುತ್ತಲೂ ಇರಲಿಲ್ಲ. ಚಿತ್ರಗಳು ಅವಳಿಂದ ನಿಜವಾಗಿಯೂ ಜಾರಿಹೋಗಿದ್ದವು.

ನಮ್ಮ ವಿಭಾಗದ ಹಿರಿಯ ಡಾಕ್ಟರ್ ಅವಳನ್ನು ಪರೀಕ್ಷಿಸಿ ನನ್ನನ್ನು ಪಕ್ಕಕ್ಕೆ ಕರೆದರು. ತಲೆಯ ಸುತ್ತಳತೆ ವಯಸ್ಸಿಗೆ ಕಡಿಮೆಯಿತ್ತು. ಮೇಲ್ದುಟಿ ತೆಳುವಾಗಿತ್ತು, ಮೂಗಿನಿಂದ ತುಟಿಗೆ ಇಳಿಯುವ ತೋಡು ಬಹುಮಟ್ಟಿಗೆ ಅಳಿಸಿದಂತಿತ್ತು. ತಾಯಿ ಗರ್ಭಿಣಿಯಾಗಿದ್ದಾಗ ಸೇವಿಸಿದ ಮದ್ಯದಿಂದ ಮಗುವಿಗಾಗುವ ಹಾನಿಗಳ ಗುಂಪಿಗೆ ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್ ಎನ್ನುತ್ತಾರೆ. ತಾಯಿಯ ರಕ್ತದಲ್ಲಿರುವ ಮದ್ಯ ಮಾಸುವಿನ ಮೂಲಕ ಭ್ರೂಣವನ್ನು ತಲುಪುತ್ತದೆ; ಅದನ್ನು ಕರಗಿಸುವ ಶಕ್ತಿ ಭ್ರೂಣದ ಯಕೃತ್ತಿಗೆ ಇರುವುದಿಲ್ಲ. ಆ ಹೊತ್ತಿನಲ್ಲಿ ರೂಪುಗೊಳ್ಳುತ್ತಿರುವ ಮಿದುಳಿಗೆ ಆದ ಪೆಟ್ಟು ಜೀವನಪೂರ್ತಿ ಉಳಿಯುತ್ತದೆ. ಆದರೆ ಪಲ್ಲವಿಯಲ್ಲಿ ಮುಖದ ಲಕ್ಷಣಗಳು ಪೂರ್ಣವಾಗಿರಲಿಲ್ಲ. ತಾಯಿ ಮದ್ಯ ಸೇವಿಸಿದ್ದು ಖಚಿತವಾಗದೆ ಹೆಸರಿಡುವಂತಿರಲಿಲ್ಲ.

ನಮ್ಮಲ್ಲಿ ಪೂರ್ವವೃತ್ತಾಂತವನ್ನು ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ಮರಾಠಿಯಲ್ಲಿ ಕೇಳುವುದು ವಾಡಿಕೆ. ಮನೆಯಲ್ಲಿ ಯಾರಾದರೂ ದಾರೂ ಕುಡಿಯುತ್ತಾರೆಯೇ ಎಂದು ಕೇಳಿದೆ. ಮಲ್ಲಿಕಾರ್ಜುನ ತಲೆ ತಗ್ಗಿಸಿದರು. ರೇಣುಕಾ ಅತ್ತೆಯ ಕಡೆ ನೋಡಿದರು. ಉತ್ತರ ಕೊಟ್ಟದ್ದು ಶಾಂತವ್ವ; ಸಿಟ್ಟಿನಲ್ಲಿ ಮರಾಠಿ ಬಿಟ್ಟು ಕನ್ನಡಕ್ಕೆ ಹೊರಳಿದರು. "ನಮ್ಮ ಯಜಮಾನ್ರು ಅದನ್ನ ಕುಡುದು ಕುಡುದು ಹೋದ್ರು. ಅವ್ರ ಹೆಣ ಹೊರಗ ಹೋದ ದಿನದಿಂದ ನಮ್ಮ ಮನಿ ಹೊಸ್ತಿಲಾ ಅದು ದಾಟಿಲ್ಲ. ಏನಂತ ಕೇಳ್ತಾಳ ನೋಡು ಈಕಿ!"

ನಾನು ಕನ್ನಡದಲ್ಲೇ ಕ್ಷಮೆ ಕೇಳಿದೆ. ಅವರ ಮುಖ ತಟ್ಟನೆ ಬದಲಾಯಿತು. "ಅಯ್ಯ, ನಮ್ಮವ್ರಽ ಏನ್ರಿ? ಮೊದಲಽ ಹೇಳಬಾರ್ದೇನವಾ! ಮರಾಠಿ ಮಾತಾಡಿ ಮಾತಾಡಿ ನನ್ನ ನಾಲಿಗಿ ಸೋತು ಹೋಗಿತ್ತು."

ಥೈರಾಯ್ಡ್, ಶ್ರವಣ, ಆನುವಂಶಿಕ ಪರೀಕ್ಷೆಗಳಿಗೆ ಬರೆದುಕೊಟ್ಟೆವು. ಅವು ಯಾವುದರಲ್ಲೂ ದೋಷ ಕಾಣಲಿಲ್ಲ.

ಮುಂದಿನ ಭೇಟಿಗೆ ಮಲ್ಲಿಕಾರ್ಜುನ ಬರಲಿಲ್ಲ. ರೇಣುಕಾ ಬಿಳಿಚಿಕೊಂಡಿದ್ದರು, ಮಾತಿನ ನಡುವೆ ಎದ್ದು ವಾಂತಿ ಮಾಡಿ ಬಂದರು. "ಮೂರು ತಿಂಗಳದ್ರಿ," ಎಂದು ಶಾಂತವ್ವ ಹೆಮ್ಮೆಯಿಂದ ಹೇಳಿ, ಚೀಲದಿಂದ ಥರ್ಮಾಸನ್ನೂ ಒಂದು ಬಾಟಲಿಯನ್ನೂ ತೆಗೆದರು. ಬಾಟಲಿಯಿಂದ ಒಂದು ಮುಚ್ಚಳ ಅಳೆದು ಲೋಟಕ್ಕೆ ಸುರಿದು, ಬಿಸಿನೀರು ಬೆರೆಸಿ ಸೊಸೆಯ ಕೈಗೆ ಕೊಟ್ಟರು. ವಾಸನೆ ಕೋಣೆಯ ತುಂಬ ಹರಡಿತು. ಅವರು ಏನನ್ನೂ ಮುಚ್ಚಿಡಲಿಲ್ಲ. ನನ್ನ ಮೇಜಿನ ಮೇಲೆಯೇ ಬಾಟಲಿ ಇಟ್ಟಿದ್ದರು.

"ಅವ್ವಾರ, ಇದೇನ್ರಿ?"

"ಬ್ರಾಂಡಿರಿ. ವಾಂತಿಗೆ, ನಡುನೋವಿಗೆ. ದಾರು ಅಂಗಡೀದಲ್ಲ ಮತ್ತ! ನಮ್ಮ ಓಣ್ಯಾಗ ರಿಟೈರ್ ಆದ ಸುಭೇದಾರ್ ಅದಾರ, ಮಿಲಿಟರಿ ಕ್ಯಾಂಟೀನ್‌ದ್ದು ತಂದು ಕೊಡ್ತಾರ. ಥಂಡ್ಯಾಗ ಜವಾನರಿಗೆ ಡಾಕ್ಟ್ರಽ ಕೊಡೋದಂತ."

ರೇಣುಕಾ ಲೋಟವನ್ನು ತುಟಿಗೆ ಒಯ್ಯುತ್ತಿದ್ದರು. ನಾನು ಕೈ ಚಾಚಿ ಅದನ್ನು ತೆಗೆದುಕೊಂಡೆ. ಪಲ್ಲವಿ ಹೊಟ್ಟೆಯಲ್ಲಿದ್ದಾಗಲೂ ಕೊಟ್ಟಿದ್ದರೇ ಎಂದು ಕೇಳಿದೆ.

"ಒಂಬತ್ತೂ ತಿಂಗಳು ಕೊಟ್ಟೀನಿ. ಅದಕ್ಕಿಂತ ಮೊದಲು ಎರಡು ನಿಲ್ಲಲಿಲ್ಲರಿ, ರಕ್ತ ಆಗಿ ಹೋದ್ವು. ಈಕಿ ಉಳದದ್ದಽ ಇದರಿಂದ," ಎಂದು ಶಾಂತವ್ವ ಪಲ್ಲವಿಯ ತಲೆ ಸವರಿದರು.

ಅಜ್ಜಿಯ ಆ ಕೈಯನ್ನು ನಾನು ಬಹಳ ದಿನ ಮರೆಯಲಿಲ್ಲ. ಆದರೆ ಆಗ ಅದನ್ನು ಯೋಚಿಸುವ ಹೊತ್ತಾಗಿರಲಿಲ್ಲ. ಗರ್ಭದಲ್ಲಿ ಇನ್ನೊಂದು ಮಗುವಿತ್ತು. ಲೋಟವನ್ನು ಸಿಂಕಿಗೆ ಸುರಿದು, ಪರೀಕ್ಷೆಯ ನೆಪದಲ್ಲಿ ಅಜ್ಜಿ ಮೊಮ್ಮಗಳನ್ನು ಆಟದ ಕೋಣೆಗೆ ಕಳುಹಿಸಿ, ರೇಣುಕಾ ಒಬ್ಬರನ್ನೇ ಕೂರಿಸಿಕೊಂಡೆ.

ಅವರ ಬೆರಳುಗಳು ನಡುಗುತ್ತಿದ್ದವು. ಅವನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಅತ್ತಿ ಕೊಡೋದು ಒಂದಽ ಮುಚ್ಚಳರಿ. ಅವರು ಗುಡಿಗೆ ಹೋದಾಗ ನಾನು ತಗೋತೀನಿ. ಅದಿಲ್ದ ನಿದ್ದಿ ಬರೂದಿಲ್ಲ, ಕೈ ನಿಲ್ಲೂದಿಲ್ಲ," ಎಂದರು. "ಪಲ್ಲವಿ ಹೊಟ್ಯಾಗ ಇದ್ದಾಗಿಂದ. ನಡುವ ಬಿಟ್ಟಿದ್ದೆ, ಮತ್ತ ಹತ್ತಿತು. ಅತ್ತಿಗೆ ಹೇಳಬ್ಯಾಡ್ರಿ. ಗಂಡನ್ನ ಕುಡ್ಯೂದರಾಗಽ ಕಳಕೊಂಡಾಕಿ. ಸೊಸಿ ಕುಡುಕಿ ಅಂತ ಗೊತ್ತಾದ್ರ ನನ್ನ ಒಂದು ರಾತ್ರಿನೂ ಇಟ್ಕೊಳ್ಳೂದಿಲ್ಲ. ಪಲ್ಲವೀನ ಕೊಡೂದಿಲ್ಲ."

ಸಮಾಲೋಚನೆಯ ಕೋಣೆಯಲ್ಲಿ ಕೇಳಿದ್ದನ್ನು ರೋಗಿಯ ಒಪ್ಪಿಗೆಯಿಲ್ಲದೆ ಮನೆಯವರಿಗೆ ಹೇಳುವಂತಿಲ್ಲ. ಚಿಕಿತ್ಸೆ ಮಾತ್ರ ತಡಮಾಡುವಂತಿರಲಿಲ್ಲ. ಅಭ್ಯಾಸವಾದ ದೇಹಕ್ಕೆ ಮದ್ಯವನ್ನು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಗರ್ಭಿಣಿಗೆ ಅದು ಇನ್ನೂ ಅಪಾಯ. ಮನೋವೈದ್ಯರು ಮತ್ತು ಪ್ರಸೂತಿ ತಜ್ಞರು ಸೇರಿ ಅವರನ್ನು ವಾರ್ಡಿಗೆ ಸೇರಿಸಿಕೊಂಡರು. ಮನೆಯವರಿಗೆ ವಾಂತಿ ಮತ್ತು ಅಶಕ್ತತೆ ಎಂದು ಹೇಳಲಾಯಿತು. ಅದು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಬ್ರಾಂಡಿ ಇನ್ನು ಒಂದು ಹನಿಯೂ ಕೂಡದು ಎಂಬುದನ್ನು ಶಾಂತವ್ವ ಅವರಿಗೆ ವಿವರಿಸುವ ಕೆಲಸ ಕನ್ನಡ ಬಲ್ಲವಳೆಂದು ನನ್ನ ಪಾಲಿಗೆ ಬಂತು.

ಮಾಸು, ರಕ್ತ, ಮಿದುಳು ಎಲ್ಲವನ್ನೂ ಸರಳವಾಗಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ನನ್ನನ್ನು ನೇರವಾಗಿ ನೋಡಿದರು.

"ಅಂದ್ರ ಪಲ್ಲವಿಗೆ ಹಿಂಗ ಮಾಡಿದಾಕಿ ನಾನಽ ಏನವಾ?"

ಒಂದು ಮುಚ್ಚಳದಿಂದ ಇಷ್ಟೆಲ್ಲ ಆಗಿರಲಾರದು ಎಂದರೆ ಅವರ ಎದೆಭಾರ ಇಳಿಯುತ್ತಿತ್ತು. ಆದರೆ ಹಾಗಾದರೆ ಸೊಸೆ ಇನ್ನೆಷ್ಟು ಕುಡಿದಳು ಎಂಬ ಪ್ರಶ್ನೆ ಏಳುತ್ತಿತ್ತು, ಅದರ ಜೊತೆಗೇ ರೇಣುಕಾ ಮನೆಯಿಂದ ಹೊರಬೀಳುತ್ತಿದ್ದರು. "ಗರ್ಭಿಣಿಗೆ ಇಷ್ಟು ಕೊಟ್ಟರೆ ತೊಂದರೆಯಿಲ್ಲ ಎನ್ನುವ ಅಳತೆ ಯಾರಿಗೂ ಗೊತ್ತಿಲ್ಲ, ಅವ್ವಾರ," ಎಂದೆ. ವೈದ್ಯಕೀಯವಾಗಿ ಅದು ಸರಿಯಾದ ಉತ್ತರ. ಅವರು ತಲೆಯಾಡಿಸಿ, ಬಾಟಲಿಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಎದ್ದು ಹೋದರು. ಮನೆಗೆ ಹೋಗಿ ಮಗನೆದುರು, "ನನ್ನ ಕೈಯಾರೆ ಕೂಸಿನ ತಲಿ ಕೆಡಿಸೀನಿ, ಇನ್ನ ಅದಕ ಬಡದ್ರ ಮೊದಲು ನನ್ನ ಬಡಿ," ಎಂದರಂತೆ.

ಪಲ್ಲವಿಗೆ ಗುಣವಾಗುವ ಔಷಧವಿಲ್ಲ. ಒಮ್ಮೆಗೆ ಒಂದೇ ಸೂಚನೆ, ಪ್ರತಿದಿನ ಅದೇ ಕ್ರಮ, ಚಿತ್ರಗಳ ಮೂಲಕ ನೆನಪು, ಹೊರಗೆ ಹೋದಾಗ ಕಣ್ಗಾವಲು: ನಾವು ಕೊಡಬಹುದಾದದ್ದು ಇಷ್ಟೇ. ಹಳೆಯ ಶಾಲೆ ಒಪ್ಪಲಿಲ್ಲ. ಬೇರೊಂದು ಶಾಲೆಯ ವಿಶೇಷ ತರಗತಿಯಲ್ಲಿ ಜಾಗ ಸಿಕ್ಕಿತು. ರೇಣುಕಾ ಚಿಕಿತ್ಸೆ ಮುಗಿಸಿದರು. ಮರುವರ್ಷ ಗಂಡುಮಗು ಹುಟ್ಟಿತು. ಗರ್ಭದ ಮೊದಲ ಮೂರು ತಿಂಗಳ ಬ್ರಾಂಡಿ ಅದಕ್ಕೇನು ಮಾಡಿದೆ ಎಂಬುದು ಅದು ಶಾಲೆಗೆ ಹೋಗುವವರೆಗೆ ನಮಗೆ ಖಚಿತವಾಗಿ ತಿಳಿಯುವುದಿಲ್ಲ.

ಆ ಮಗುವನ್ನು ಬೆಳವಣಿಗೆಯ ತಪಾಸಣೆಗೆ ತಂದಾಗ ಅತ್ತೆ ಸೊಸೆ ಇಬ್ಬರೂ ಇದ್ದರು, ಜೊತೆಗೆ ಪಲ್ಲವಿಯೂ ಬಂದಿದ್ದಳು. ಮಗು ಬ್ಲಾಕ್ ಹಿಡಿಯಲು ತಡಮಾಡಿತು. ಶಾಂತವ್ವ, "ಇದಕ್ಕೂ ನನ್ನ ಮುಚ್ಚಳ ತಾಗೇತೇನೋ," ಎಂದು ಹಣೆ ಒತ್ತಿಕೊಂಡರು. ಅಂಥ ಮಾತನ್ನು ಅವರು ಪ್ರತಿ ಭೇಟಿಯಲ್ಲೂ ಆಡುತ್ತಿದ್ದರು. ಆಗೆಲ್ಲ ರೇಣುಕಾ ನೆಲ ನೋಡುತ್ತಿದ್ದರು. ಅಂದು ತಲೆಯೆತ್ತಿದರು.

"ಅತ್ತಿ, ನಿಮ್ಮ ಮುಚ್ಚಳ ಅಲ್ಲರಿ ಅದು. ನಾನು..."

"ಗೊತ್ತದ," ಎಂದರು ಶಾಂತವ್ವ. "ಖಾಲಿ ಆದಾಗೊಮ್ಮೆ ಸುಭೇದಾರ್ರ ಮನಿಗೆ ಹೋಗಿ ತರತಿದ್ದಾಕಿ ನಾನಽ ಅಲ್ಲೇನು? ಒಂದು ಮುಚ್ಚಳದಾಗ ಬಾಟ್ಲಿ ಅಷ್ಟು ಲಗೂ ಖಾಲಿ ಆಗ್ತದೇನವಾ? ಕುಡುಕನ ಹೆಂಡ್ತಿ ನಾನು, ನನಗ ತಿಳೀದೇನು? ಕೂಸು ಉಳದ್ರ ಸಾಕು ಅಂತ ತಿಳಕೊಂಡಽ ತಂದೀನಿ."

ರೇಣುಕಾ ಅತ್ತೆಯ ಮೊಣಕಾಲಿನ ಮೇಲೆ ಕೈಯಿಟ್ಟರು. ಶಾಂತವ್ವ ಅದನ್ನು ಸರಿಸಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ.

ಈಗ ನಾನು ತಾಯಂದಿರನ್ನು ಒಬ್ಬೊಬ್ಬರನ್ನಾಗಿಯೇ ಕೂರಿಸಿಕೊಂಡು ಮಾತಾಡುತ್ತೇನೆ. ಕುಡಿಯುತ್ತೀರಾ ಎಂದು ಮೊದಲು ಕೇಳುವುದಿಲ್ಲ. ಹೊಟ್ಟೆಯಲ್ಲಿ ಮಗುವಿದ್ದಾಗ ನಿಮಗೆ ಯಾರು, ಏನೇನು ಕೊಟ್ಟರು ಎಂದು ಕೇಳುತ್ತೇನೆ. ಬಸುರಿಯ ಮೇಲಿನ ಕಾಳಜಿಯಿಂದ ಅವಳ ಕೈಗಿತ್ತದ್ದನ್ನು ಯಾವ ಮನೆಯವರೂ ಮದ್ಯದ ಲೆಕ್ಕಕ್ಕೆ ಸೇರಿಸುವುದಿಲ್ಲ. ಉತ್ತರ ಬಂದ ಮೇಲೆ ತಪ್ಪು ಯಾರದೆಂದು ಹೇಳುವುದು ನನ್ನ ಕೆಲಸವಲ್ಲ ಎಂಬುದನ್ನೂ ಈ ವೃತ್ತಿ ನನಗೆ ಕಲಿಸಿದೆ. ಆ ತಪಾಸಣೆಯ ದಿನ ಹೊರಡುವಾಗ ಪಲ್ಲವಿ ಬಾಗಿಲಲ್ಲಿ ನಿಂತು, ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಕೇಳಿದಳು. ಅಜ್ಜಿ ತೋರಿಸಿದರು. ಒಂದನ್ನು ಹಾಕಿಕೊಂಡು ಮತ್ತೆ ಕೇಳಿದಳು. ಅಜ್ಜಿ ಮತ್ತೆ ತೋರಿಸಿದರು, ಮೊದಲ ಸಲ ಹೇಳುತ್ತಿರುವವರ ದನಿಯಲ್ಲೇ.