ಹಗೇವಿನ ಬಾಯಿಗೆ ಇಟ್ಟ ಹಲಗೆ

ಹೋದ ತಿಂಗಳು ತವರಿಗೆ ಹೋಗಿದ್ದಾಗ ನಮ್ಮ ಹಳೇ ಮನೆಯ ಮುಂದೆ ನಲ್ಲಿ ಪೈಪಿಗೆಂದು ಜೆಸಿಬಿ ನೆಲ ಅಗೆಯುತ್ತಿತ್ತು. ಹಿರೀಸಾವೆಯಿಂದ ಮೂರು ಮೈಲಿ ಒಳಗೆ ನಮ್ಮೂರು. ನಾನು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಇದ್ದಕ್ಕಿದ್ದಂತೆ ಒಂದು ವಾಸನೆ ಬಂತು. ಮುಗ್ಗಿದ ರಾಗಿ, ಕೊಳೆತ ಹುಲ್ಲು, ಹಸಿ ಮಣ್ಣು ಎಲ್ಲ ಸೇರಿದ ವಾಸನೆ. ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ಎದ್ದು ನೋಡುವ ಮೊದಲೇ ಗೊತ್ತಾಗಿತ್ತು, ಅದು ನಮ್ಮ ಹಗೇವು.

ಹಗೇವು ಎಂದರೆ ಈಗಿನವರಿಗೆ ತಿಳಿಯದು. ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿದ ರಾಗಿಯ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಹಾಸಿ ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಒಳಗೆ ಉಸಿರಾಡುವ ಗಾಳಿಯಿಲ್ಲದೆ ಹುಳ ಬದುಕುವುದಿಲ್ಲ, ಅದೇ ಕಾರಣಕ್ಕೆ ಮನುಷ್ಯನೂ ಅದರೊಳಗೆ ಬದುಕುವುದಿಲ್ಲ. ಅದಕ್ಕೇ ಹಗೇವು ತೆಗೆದ ದಿನ ಬೆಳಗಿನಿಂದ ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು.

ನಾನು ಓದಿದ್ದು ಏಳನೇ ಕ್ಲಾಸು. ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆಯದೆ ನನಗೆ ನಿದ್ದೆ ಬರುತ್ತಿಲ್ಲ. ನನ್ನ ತಮ್ಮ ಹೆದರಿಸುವ ಸಿನಿಮಾ ಮಾಡುತ್ತಿದ್ದ. ಅವನು ಕದ್ದು ಮಾಡಿದ ಎಂದು ಜನ ಇವತ್ತಿಗೂ ಹೇಳುತ್ತಾರೆ. ಹಾಗೆ ಹೇಳುವುದಕ್ಕೆ ಸಾಕ್ಷಿ ಕೊಟ್ಟವಳು ನಾನು. ಅವನು ತೀರಿಕೊಂಡು ಎರಡು ವರ್ಷವಾಯಿತು.

ತಮ್ಮ ನನಗಿಂತ ಐದು ವರ್ಷ ಚಿಕ್ಕವನು. ಪಿಯುಸಿ ಓದಲು ಚನ್ನರಾಯಪಟ್ಟಣಕ್ಕೆ ಹೋದವನು ಅಲ್ಲೊಂದು ಕ್ಯಾಸೆಟ್ ಬಾಡಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಆಮೇಲೆ ಹಾಸನದಲ್ಲಿ ಮದುವೆ ವಿಡಿಯೋ ತೆಗೆಯುವವರ ಹತ್ತಿರ. ಯಾವ ಮದುವೆಗೆ ಹೋದರೂ ಹೆಣ್ಣುಗಂಡಿಗಿಂತ ಮೊದಲು ದೀಪವನ್ನು ತೆಗೆಯುತ್ತಿದ್ದ. ಅದಕ್ಕೆ ಎಷ್ಟು ಜನ ಬೈದಿದ್ದಾರೋ... ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಆಗಬೇಕು. ಹೊಳೆನರಸೀಪುರದ ನಮ್ಮ ಮನೆಗೆ ಬಂದಾಗ ಮಲಗುವ ಕೋಣೆಯ ದೀಪ ಆರಿಸಿದರೆ ಎದ್ದು ಕೂರುತ್ತಿದ್ದ. ನನ್ನ ಗಂಡ ಛೇಡಿಸುತ್ತಿದ್ದರು, "ಊರ್ನೆಲ್ಲ ಎದ್ರಿಸ್ತೀಯಂತೆ, ನಿಂಗೇ ಕತ್ಲು ಅಂದ್ರೆ ಭಯವೇನ್ಲಾ?" ತಮ್ಮ ನಗುತ್ತಿದ್ದ. ನಾನು ಅಡಿಗೆಮನೆಗೆ ಹೋಗಿಬಿಡುತ್ತಿದ್ದೆ.

ಅವನು ಮಾಡಿದ್ದು ಮೂರು ಸಿನಿಮಾ. ಮೊದಲ ಎರಡು ಯಾರಿಗೂ ಗೊತ್ತಾಗಲಿಲ್ಲ. ಮೂರನೆಯದನ್ನು ನಮ್ಮೂರಲ್ಲೇ, ಪಾಳು ಬಿದ್ದ ಒಂದು ಮನೆಯಲ್ಲಿ ತೆಗೆದ. ಅದರಲ್ಲಿ ದೆವ್ವವಿಲ್ಲ, ಬಿಳಿ ಸೀರೆಯಿಲ್ಲ, ಗೆಜ್ಜೆ ಸದ್ದಿಲ್ಲ. ಒಬ್ಬ ಹುಡುಗ ಹಗೇವಿನೊಳಗೆ, ಒಂದು ಬುಡ್ಡಿದೀಪ, ಮೇಲೆ ಹಲಗೆ ಮುಚ್ಚಿ ಹೋದ ಅವನ ಅಕ್ಕ. ದೀಪ ಸಣ್ಣಗಾಗುತ್ತಾ ಹೋಗುತ್ತದೆ. ಕ್ಯಾಮೆರಾ ಅಲ್ಲಾಡುವುದೇ ಇಲ್ಲ. ಅರಕಲಗೂಡಿನಲ್ಲಿ ಆ ಜಾಗಕ್ಕೆ ಜನ ಶಿಳ್ಳೆ ಹೊಡೆದು ಕುರ್ಚಿ ಬಡಿದರಂತೆ. ಚನ್ನರಾಯಪಟ್ಟಣದಲ್ಲಿ ಒಬ್ಬ ಹೆಂಗಸು ಎದ್ದು ನಿಂತು "ತೆಗಿರೋ, ಯಾರಾದ್ರೂ ತೆಗಿರೋ" ಎಂದು ಕೂಗಿದಳಂತೆ. ಕೆಲವರು ನಾಲ್ಕು ಸಲ ನೋಡಿದರು. ಕೆಲವರು ಅರ್ಧಕ್ಕೆ ಎದ್ದು ಬಂದು ಅವನನ್ನು ಬೈದರು. ನಮ್ಮ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ವಾರವೆಲ್ಲ ಅದೇ ಜಗಳ ಎಂದು ನನ್ನ ಗಂಡ ಬಂದು ಹೇಳುತ್ತಿದ್ದರು. "ದೆವ್ವಾನೇ ತೋರಿಸ್ದೆ ದೆವ್ವದ್ ಸಿನ್ಮಾ ಅಂತಾನಲ್ಲ" ಎಂದು ಒಬ್ಬ. "ನಿಂಗೆ ದೆವ್ವ ಬೇಕಾದ್ರೆ ಮನೇಗೋಗಿ ಕನ್ನಡಿ ನೋಡ್ಕೊ, ಇವ್ನಂಗೆ ತೆಗ್ಯೋನು ಇನ್ನೊಬ್ಬನಿಲ್ಲ" ಎಂದು ಇನ್ನೊಬ್ಬ. ಅದರ ನಡುವೆ ಯಾರೋ ಮೆಲ್ಲಗೆ ಎತ್ತಿದ ಮಾತು, ಇದು ಅವನ ಸ್ವಂತದ್ದಲ್ಲ ಎಂದು.

ನಾನು ಹಾಸನದಲ್ಲಿ ನೋಡಿದೆ. ಪರದೆಯ ಮೇಲೆ ಆ ಹುಡುಗಿ ಹಲಗೆ ಎಳೆಯುತ್ತಾ ಕೆಳಗೆ ಬಗ್ಗಿ, "ಈಗ್ ಬತ್ತೀನಿ, ದೀಪ ನೋಡ್ಕಂಡ್ ಕೂತಿರು" ಎಂದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಇಂಥೋಳ್ನ ಸಿಗ್ದಾಕ್ಬೇಕು" ಎಂದು ನನ್ನ ಕಡೆಗೇ ತಿರುಗಿ ಹೇಳಿದಳು. ನಾನು ಹೂಂಗುಟ್ಟಿದೆ.

ಆ ಮಾತು ನನ್ನದು. ಒಂದಕ್ಷರವೂ ಆಚೀಚೆಯಾಗದಂತೆ ನನ್ನದು.

ನನಗಾಗ ಹನ್ನೊಂದು ವರ್ಷ, ಅವನಿಗೆ ಆರು. ಒಂದು ಭಾನುವಾರ ಅಪ್ಪ ಹಗೇವು ತೆಗೆದು, ದೀಪ ಇಳಿಬಿಟ್ಟು ನೋಡಿ, ರಾಗಿ ಎತ್ತಿದ್ದರು. ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಅಷ್ಟರಲ್ಲಿ ಗದ್ದೆಗೆ ನೀರು ಬಿಟ್ಟರೆಂದು ಅಪ್ಪ ಅವ್ವ ಇಬ್ಬರೂ ಹೊರಟರು. ಹೋಗುವಾಗ ಅವ್ವ ಹೇಳಿದಳು, "ಬಾಯಿ ಮುಚ್ದೆ ಎತ್ಲಾಗೂ ಓಗ್ಬ್ಯಾಡ. ಕರ ಬಿದ್ಬುಟ್ಟಾತು." ತೆರೆದ ಹಗೇವನ್ನು ಹಾಗೇ ಬಿಟ್ಟು ಹೋಗಬಾರದು. ಅದು ನಮ್ಮ ಕಡೆ ಮಕ್ಕಳಿಗೆ ಮಾತು ಬರುವಾಗಲೇ ಕಲಿಸುತ್ತಿದ್ದ ಪಾಠ.

ಅವರು ಹೋದಮೇಲೆ ತಮ್ಮ ಒಳಗಿಳಿಯುತ್ತೇನೆಂದು ಹಟ ಹಿಡಿದ. ನಾನೇ ಅವನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದೆ. ಬುಡ್ಡಿದೀಪವನ್ನೂ ಇಳಿಬಿಟ್ಟೆ. ಅವನು ತಳದಲ್ಲಿ ಕೂತು ರಾಗಿಯನ್ನು ಬೊಗಸೆಯಲ್ಲಿ ಎತ್ತಿ ಸುರಿದು ಆಡುತ್ತಿದ್ದ. ಆಗ ಅಂಗಡಿಯವರ ಮನೆಯಲ್ಲಿ ಟಿವಿ ಹಾಕಿದ ಸದ್ದು ಕೇಳಿಸಿತು. ಊರಿಗೆಲ್ಲ ಅದೊಂದೇ ಟಿವಿ, ವಾರಕ್ಕೊಂದೇ ಸಿನಿಮಾ. ಮೇಲೆ ಬಾರೋ ಎಂದೆ. ಬರಲಿಲ್ಲ. ಮತ್ತೆ ಕರೆದೆ, ಬರಲಿಲ್ಲ. ಹಾಗೇ ಬಿಟ್ಟು ಹೋದರೆ ಕರು ಬೀಳುತ್ತದಲ್ಲ... ಹಲಗೆ ಎಳೆದೆ. ಮೇಲೊಂದು ಕಲ್ಲಿಟ್ಟೆ. ಕರು ಕಾಪಾಡಿದೆ ಎಂಬ ಸಮಾಧಾನ ನನಗೆ. ಒಳಗೆ ನನ್ನ ತಮ್ಮನಿದ್ದಾನೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿದೆ. "ಅಕ್ಕಾ, ಮುಚ್ಚಬ್ಯಾಡ ಕಣೇ" ಎಂದ. ಆಗ ಆ ಮಾತು ಹೇಳಿದೆ.

ಸಿನಿಮಾ ಚೆನ್ನಾಗಿತ್ತು. ನಾನು ಮರೆತೆ.

ಎಷ್ಟು ಹೊತ್ತಾಯಿತೋ ತಿಳಿಯದು. ಬೀದಿಯಲ್ಲಿ ಅವ್ವನ ಚೀರಾಟ ಕೇಳಿ ಓಡಿ ಬಂದೆ. ಅವ್ವ ಹಲಗೆ ತೆಗೆದಾಗಿತ್ತು, ಅಪ್ಪ ಇಳಿದು ಅವನನ್ನು ಎತ್ತಿ ತಂದಾಗಿತ್ತು. ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದ. ಗಾಳಿ ಬೀಸಿ, ನೀರು ಚಿಮುಕಿಸಿ, ಕೊನೆಗೆ ಕಣ್ಣು ಬಿಟ್ಟ. ಅವ್ವ ನನ್ನ ಕಡೆ ತಿರುಗಿದಳು. "ಅವ್ನೇ ಇಳ್ದು ಬಚ್ಚಿಟ್ಕಂಡವ್ನೆ ಕಣವ್ವ, ಮುಚ್ಚೋವಾಗ ನಂಗ್ ಗೊತ್ತಿರ್ನಿಲ್ಲ" ಎಂದೆ. ಅವ್ವ ಆಗತಾನೇ ಜೀವ ಬಂದ ಮಗನ ಕೆನ್ನೆಗೆ ಬಾರಿಸಿದಳು. ಅವನು ನನ್ನನ್ನು ನೋಡಿದ. ಅಪ್ಪ ಅವ್ವ ಇಬ್ಬರೂ ಅದನ್ನೇ ನಂಬಿಕೊಂಡು ತೀರಿಹೋದರು.

ಹಾಸನದಲ್ಲಿ ಸಿನಿಮಾ ನೋಡಿದ ಮಾರನೆಯ ವಾರ ಅಲ್ಲಿಯ ಸಿನಿಮಾಸಕ್ತರು ಕೆಲವರು ಸೇರಿ ಒಂದು ಹಾಲಿನಲ್ಲಿ ಚರ್ಚೆ ಇಟ್ಟುಕೊಂಡರು. "ನೀನೂ ಬಾರಕ್ಕ" ಎಂದು ತಮ್ಮ ಫೋನು ಮಾಡಿದ್ದ. ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಕಾಲೇಜಿನ ಮೇಷ್ಟ್ರೊಬ್ಬರು ಎದ್ದರು. ಕೆಟ್ಟವರಲ್ಲ, ತಿಳಿದವರು. ಹೊರದೇಶದ ಯಾವುದೋ ಹಳೇ ಸಿನಿಮಾದಲ್ಲಿ ನೆಲಮಾಳಿಗೆ, ಒಳಗೆ ಒಂದು ಮಗು, ಆರುತ್ತಿರುವ ಮೇಣದಬತ್ತಿ ಇದೆಯಂತೆ. ಇವರು ನೆಲಮಾಳಿಗೆಯನ್ನು ಹಗೇವು ಮಾಡಿದ್ದಾರೆ ಅಷ್ಟೇ ಎಂದರು. "ಕೊನೆಯಲ್ಲಿ ಅಕ್ಕ ವಾಪಸು ಬಂದು ಹಲಗೆ ತೆಗೆಯುತ್ತಾಳಲ್ಲ, ಅದೊಂದೇ ಇವರ ಸ್ವಂತ. ಅದು ನಂಬುವ ಹಾಗಿಲ್ಲ" ಎಂದೂ ಹೇಳಿದರು. ಕೆಲವರು ಚಪ್ಪಾಳೆ ತಟ್ಟಿದರು. ಕೆಲವರು ಎದ್ದು ಕೂಗಾಡಿದರು.

ತಮ್ಮ ಮೈಕು ಹಿಡಿದು ನಿಂತಿದ್ದ. "ಕ್ಯಾಮೆರಾ ಎಲ್ಲಿಡ್ಬೇಕು ಅಂತ ಆ ಸಿನಿಮಾಗಳಿಂದ್ಲೇ ಕಲ್ತೆ ಸಾ, ಇಲ್ಲ ಅನ್ನಲ್ಲ. ಆದ್ರೆ ಈ ಕತೆ ನಮ್ಮನೇದು. ಆ ಅಗೇವು ನಮ್ಮನೆ ಮುಂದ್ಲದು" ಎಂದ. ಮೇಷ್ಟ್ರು, "ಹಾಗಂತ ಎಲ್ಲರೂ ಹೇಳ್ತಾರೆ" ಎಂದರು. ಜನ ನಕ್ಕರು. ತಮ್ಮ ತಲೆಯೆತ್ತಿ ಹಿಂದಿನ ಸಾಲಿನ ಕಡೆ ನೋಡಿದ. "ನಮ್ಮಕ್ಕ ಬಂದವ್ಳೆ. ಬೇಕಾದ್ರೆ ಕೇಳಿ."

ಎಲ್ಲರೂ ತಿರುಗಿದರು. ಅವನು ನನ್ನನ್ನು ಹಿಡಿದುಕೊಡಲು ಹಾಗೆ ಹೇಳಲಿಲ್ಲ. ಹೌದು, ನಮ್ಮ ಮನೆ ಮುಂದೆ ಹಗೇವಿತ್ತು, ಇವನು ಒಳಗೆ ಸಿಕ್ಕಿಕೊಂಡಿದ್ದ, ಅಷ್ಟು ಹೇಳಿದ್ದರೆ ಸಾಕಿತ್ತು. ನನಗೆ ಈಗ ಅರ್ಥವಾಗುತ್ತದೆ. ಆಗ ನನ್ನ ಕಿವಿಯಲ್ಲಿದ್ದದ್ದು ಒಂದೇ, ಸಿಗಿದು ಹಾಕಬೇಕು ಎಂದ ಆ ಹೆಂಗಸಿನ ಮಾತು. ಹೌದು ಎಂದರೆ ಆ ಹುಡುಗಿ ನಾನೇ ಎಂದಾಗುತ್ತದೆ. ಪಕ್ಕದಲ್ಲಿ ಗಂಡ ಕೂತಿದ್ದರು. ಎದ್ದು ನಿಂತೆ.

"ನಂಗೇನೂ ಗೊತ್ತಿಲ್ಲ ಸಾ. ಇವ್ನು ಅಂಗ್ಡೀಲಿದ್ದಾಗ್ಲಿಂದ ಇಂಗ್ಲಿಷ್ ಕ್ಯಾಸೆಟ್ಟೇ ನೋಡ್ತಿದ್ದ" ಎಂದೆ.

ಹಾಲು ನಗೆಯಿಂದ ತುಂಬಿಹೋಯಿತು. ತಮ್ಮ ಮೈಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಹೊರಗೆ ಬಂದಮೇಲೆ ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಬಸ್ ಸ್ಟ್ಯಾಂಡಿನವರೆಗೂ ಬಂದ. ಹೊಳೆನರಸೀಪುರದ ಬಸ್ಸು ಬರುತ್ತಲೇ ಓಡಿ ಹೋಗಿ ಕಿಟಕಿಯಿಂದ ಕರ್ಚೀಫು ಹಾಕಿ ನಮಗೆ ಸೀಟು ಹಿಡಿದ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಕೇಳಿದ, "ಅಕ್ಕ, ಕೊನೇಲಿ ಅವ್ರಕ್ಕ ಬತ್ತಾಳಲ್ಲ, ಚೆನ್ನಾಗಿತ್ತಾ?"

"ಊಂ" ಎಂದೆ. ಅವನು ತಲೆಯಾಡಿಸಿದ.

ಅವರಕ್ಕನೇ ಹೇಳಿದಳಂತೆ ಎಂಬ ಮಾತು ನಾಲ್ಕೂ ಊರು ಸುತ್ತಿತು. ಮುಂದಿನ ಸಿನಿಮಾಕ್ಕೆ ದುಡ್ಡು ಹಾಕಲು ಒಪ್ಪಿಕೊಂಡಿದ್ದವರು ಹಿಂದೆ ಸರಿದರು. ತಮ್ಮ ಮತ್ತೆ ಮದುವೆ ವಿಡಿಯೋಗೆ ಹೋದ. ಕತೆ ಬರೆದಿಟ್ಟ ನೋಟ್‌ಬುಕ್ಕುಗಳಿದ್ದವು, ಅವನ್ನು ಏನು ಮಾಡಿದನೋ... ಗೌರಿ ಹಬ್ಬಕ್ಕೆ ತಪ್ಪದೆ ಬಾಗಿನ ತರುತ್ತಿದ್ದ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು, ತಪ್ಪಾಯಿತು ಎನ್ನಬೇಕು ಎಂದುಕೊಂಡು ಕಾಫಿ ಲೋಟ ಹಿಡಿದು ಬರುತ್ತಿದ್ದೆ. ಅವನು ಲೋಟ ತೆಗೆದುಕೊಂಡು ಮಕ್ಕಳ ಓದಿನ ವಿಚಾರ ಕೇಳುತ್ತಿದ್ದ. ನಾನು ಉತ್ತರ ಹೇಳುತ್ತಿದ್ದೆ. ಹೀಗೆ ಹದಿಮೂರು ಗೌರಿ ಹಬ್ಬ ಹೋದವು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದನಂತೆ. ನಾನು ಹಾಸನ ತಲುಪುವ ಹೊತ್ತಿಗೆ ಹೊದಿಸಿಬಿಟ್ಟಿದ್ದರು. ತಲೆಯ ಹತ್ತಿರ ದೀಪ ಇಟ್ಟಿದ್ದರು. ಅದು ಆರದಂತೆ ಸಂಜೆಯವರೆಗೂ ನಾನೇ ಎಣ್ಣೆ ಹಾಕುತ್ತಾ ಕೂತಿದ್ದೆ.

ಹೋದ ತಿಂಗಳು ಆ ವಾಸನೆ ಬಂದಾಗ ಇದೆಲ್ಲ ಒಟ್ಟಿಗೆ ಮೇಲೆದ್ದು ಬಂತು. ಜೆಸಿಬಿ ಓಡಿಸುವವನು ಅರಕಲಗೂಡಿನ ಕಡೆಯವನು. ಇಳಿದು ಬಂದು ಇಣುಕಿದ. ಈಗ ಆ ಮನೆಯಲ್ಲಿರುವ ನಮ್ಮ ದೊಡ್ಡಪ್ಪನ ಮಗ, "ಬಗ್ಬ್ಯಾಡ ಕಣಯ್ಯ, ಅಗೇವು ಅದು" ಎಂದ.

"ಓ, ಆ ಸಿನ್ಮಾದಲ್ಲಿ ಬತ್ತದಲ್ಲ! ಮೊಬೈಲಲ್ಲಿ ನೋಡಿವ್ನಿ. ಈಗ್ಲೂ ಕಿತ್ತಾಡ್ತಾರೆ ಅದ್ರ ಬಗ್ಗೆ. ಅದು ಕದ್ದಿದ್ದಂತೆ ಬಿಡಿ. ಅವ್ರಕ್ಕನೇ ಏಳವ್ಳಂತೆ."

ದೊಡ್ಡಪ್ಪನ ಮಗ ನನ್ನ ಮುಖ ನೋಡಿ ನೆಲ ನೋಡಿದ.

"ಅವ್ರಕ್ಕ ಸುಳ್ಳೇಳಿದ್ಲು ಕಣಪ್ಪ" ಎಂದೆ.

"ನಿಮ್ಗೆಂಗ್ ಗೊತ್ತಮ್ಮ?"

"ನಾನೇ ಅವ್ರಕ್ಕ. ಇದ್ರ ಬಾಯ್ಗೆ ಅಲಗೆ ಇಟ್ಟೋಳು ನಾನೇ. ಅವ್ನು ಒಳಗವ್ನೆ ಅಂತ ಗೊತ್ತಿದ್ದೇ ಇಟ್ಟೆ."

ಅವನು ಹೋಗಿ ಇಂಜಿನ್ ಆಫ್ ಮಾಡಿ ಬಂದ. ಆಮೇಲೆ ಕೇಳಿದ, "ಅಂಗಾರೆ ಕೊನೇಲಿ ಬಂದು ತೆಗ್ದೋರೂ ನೀವೇಯಾ?"

"ಇಲ್ಲ. ನಾನು ಬರ್ನಿಲ್ಲ. ಅದೊಂದು ಅವ್ನೇ ಕಟ್ಟಿದ್ದು."

ಹೇಳಿದ ಮೇಲೆ ಆ ಮಾತಿನ ಭಾರ ನನಗೇ ತಿಳಿಯಿತು. ಮೇಷ್ಟ್ರು ಸರಿಯಾಗಿಯೇ ಹೇಳಿದ್ದರು, ಅದೊಂದೇ ಅವನ ಸ್ವಂತ. ಬಾಕಿಯೆಲ್ಲ ನನ್ನಿಂದ ಅವನಿಗೆ ಬಂದದ್ದು. ಬರದೇ ಹೋದ ಅಕ್ಕನನ್ನು ಅವನು ಕರೆದು ತಂದ, ಅವಳ ಕೈಯಿಂದಲೇ ಹಲಗೆ ತೆಗೆಸಿದ. ಕಿಟಕಿಯ ಹತ್ತಿರ ನಿಂತು ಚೆನ್ನಾಗಿತ್ತಾ ಎಂದು ಕೇಳಿದ.

ಸಂಜೆಗೆ ಮಣ್ಣು ತುಂಬಿ ಮುಚ್ಚುವವರಿದ್ದರು. ಸ್ವಲ್ಪ ತಡೆಯಿರಿ ಎಂದೆ. ಒಳಗಿನಿಂದ ದೀಪ ತಂದು, ಹಗ್ಗಕ್ಕೆ ಕಟ್ಟಿ, ಮೊಣಕಾಲೂರಿ ಕೂತು ನಿಧಾನವಾಗಿ ಇಳಿಬಿಟ್ಟೆ. ಆರುತ್ತದೆ ಎಂದುಕೊಂಡಿದ್ದೆ. ಆರಲಿಲ್ಲ. ತಳ ಮುಟ್ಟುವವರೆಗೂ ಉರಿಯಿತು. ಹಾಸಿದ್ದ ಹುಲ್ಲು, ಗೋಡೆಗೆ ಅಂಟಿದ್ದ ನಾಲ್ಕು ಕಾಳು ರಾಗಿ, ಎಲ್ಲ ಕಂಡಿತು. ಕೆಳಗೆ ಯಾರೂ ಇರಲಿಲ್ಲ.