ಟ್ಯಾಂಕ್ ಬಿಚ್ಚುವ ಯಜಮಾನರು

ತಿಂಗಳಿಗೊಮ್ಮೆ ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ ಬೈಕಿನ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ತೊಳೆಯುವ ಈ ಯಜಮಾನರಿಗೆ ಮನೆಮಂದಿಯೆಲ್ಲ ಹೆದರುತ್ತಾರೆ, ಯಜಮಾನರು ಟ್ಯಾಂಕಿಗೆ ಹೆದರುತ್ತಾರೆ. ಮೊದಲು ಬೆಂಕಿಪೊಟ್ಟಣ ಅವರ ಜೇಬು ಸೇರುತ್ತದೆ; ರೋಮದಿಂದಲೂ ಕಿಡಿ ಹಾರೀತೆಂದು ಬೆಕ್ಕು ಬೀದಿ ಸೇರುತ್ತದೆ. ಪೈಪು ಕಳಚಿ, ಬೋಲ್ಟುಗಳನ್ನು ಲೋಟಕ್ಕೆ ಹಾಕಿ, ಮಲಗಿದ ಮಗುವನ್ನು ಎತ್ತುವ ಹಾಗೆ ಟ್ಯಾಂಕ್ ಎತ್ತುತ್ತಾರೆ. ತೊಳೆದು ಮತ್ತೆ ಕೂರಿಸಿದ ಮೇಲೆ ಹೆಂಡತಿಯನ್ನು ಕರೆದು, ಪಾಠ ಒಪ್ಪಿಸಿಕೊಳ್ಳುವ ಮೇಷ್ಟರ ಗತ್ತಿನಲ್ಲಿ, "ಪೆಟ್ರೋಲ್ ವಾಸನೆ ಬರ್ತಿದೆಯೇನೇ?" ಅನ್ನುತ್ತಾರೆ. ಅವಳು ಇಲ್ಲ ಅಂದರೇನೇ ಬೆಂಕಿಪೊಟ್ಟಣ ವಾಪಸ್. ಎರಡು ವರ್ಷದ ಹಿಂದಿನ ಜ್ವರದಲ್ಲಿ ತಮ್ಮ ಮೂಗು ವಾಸನೆ ಹಿಡಿಯುವುದನ್ನೇ ಬಿಟ್ಟಿತೆಂದು ಅವರು ಯಾರಿಗೂ ಹೇಳಿಲ್ಲ. ಇವತ್ತು ಹೆಂಡತಿ ಟವೆಲಿನಲ್ಲಿ ಮೂಗೊರೆಸಿಕೊಂಡು, "ಮೂರು ದಿನದಿಂದ ನನಗೆ ನೆಗಡಿ ಅಲ್ವೇನ್ರೀ, ನೀವೇ ನೋಡಿ ಹೇಳಿ, ಒಲೆ ಹಚ್ಚಬೇಕು," ಅಂತ ಕೈ ಚಾಚಿ ನಿಂತಳು.